ಬರೀ ಮಾತಾಡಿಸುವ ಅಧ್ಯಯನವೂ ಹೆಚ್ಚಿನ ಅಪಾಯದ್ದೇ?

ಪ್ರಶ್ನೆ: ನಾನು ಸಮಾಜಕಾರ್ಯ ವಿಷಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ವಿಷ ಸೇವಿಸಿ ಆಸ್ಪತ್ರೆಗೆ ದಾಖಲಾಗಿ ಬದುಕುಳಿದ, 18ರಿಂದ 35 ವರ್ಷದೊಳಗಿನ ವಿವಾಹಿತ ಹೆಣ್ಣುಮಕ್ಕಳನ್ನು ಸಂದರ್ಶಿಸಿ, ಅವರು ಆ ಹಂತಕ್ಕೆ ಹೋಗಿದ್ದೇಕೆ, ಮನೆಗೆ ಮರಳಿದ ಮೇಲೆ ಅವರ ಬದುಕು ಹೇಗಿದೆ ಎಂದು ತಿಳಿಯುವುದು ನನ್ನ ಉದ್ದೇಶ. 24 ಮಂದಿಯನ್ನು ಮೊದಲು ವಾರ್ಡಿನಲ್ಲಿ, ಮೂರು ತಿಂಗಳ ನಂತರ ಅವರ ಮನೆಯಲ್ಲಿ ಮಾತನಾಡಿಸುವ ಯೋಜನೆಯಿದೆ. ರಕ್ತ ತೆಗೆಯುವುದಿಲ್ಲ, ಔಷಧ ಕೊಡುವುದಿಲ್ಲ. ಆದರೂ ಆಸ್ಪತ್ರೆಯ ಎಥಿಕ್ಸ್ ಕಮಿಟಿ (ಸಂಶೋಧನೆಗಳ ನೈತಿಕತೆಯನ್ನು ಪರಿಶೀಲಿಸುವ ಸಮಿತಿ) ಇದನ್ನು ಹೆಚ್ಚಿನ ಅಪಾಯದ ಅಧ್ಯಯನವೆಂದು ಪರಿಗಣಿಸಿ ಪೂರ್ಣ ಸಮಿತಿಯ ಸಭೆಗೆ ಕಳಿಸಿದೆ. ಸಭೆ ಇರುವುದು ಎರಡು ತಿಂಗಳ ನಂತರ. ಇಂಥ ಪ್ರಶ್ನೆ ಕೇಳಿದರೆ ಅವರಿಗೆ ಮತ್ತೆ ಅದೇ ಯೋಚನೆ ಬರಬಹುದೆಂದೂ, ಗಂಡನ ಅಥವಾ ಅತ್ತೆಮಾವನ ಒಪ್ಪಿಗೆ ಪತ್ರ ಬೇಕೆಂದೂ ಸದಸ್ಯರೊಬ್ಬರು ಟಿಪ್ಪಣಿ ಬರೆದಿದ್ದಾರೆ. ಶೀರ್ಷಿಕೆಯಿಂದ ‘ಆತ್ಮಹತ್ಯಾ ಯತ್ನ’ ಎಂಬುದನ್ನು ತೆಗೆದು ‘ಗ್ರಾಮೀಣ ಮಹಿಳೆಯರ ಜೀವನಾನುಭವ’ ಎಂದು ಬದಲಿಸಿದರೆ ಬೇಗ ಮುಗಿಯುತ್ತದೆ ಎನ್ನುವುದು ನನ್ನ ಮಾರ್ಗದರ್ಶಕರ ಸಲಹೆ. ಆಶಾ ಕಾರ್ಯಕರ್ತೆಯರ ಮೂಲಕ ಹಳ್ಳಿಗಳಲ್ಲೇ ಕೆಲಸ ಶುರುಮಾಡು, ಅನುಮತಿಯನ್ನು ಆಮೇಲೆ ನೋಡಿಕೊಂಡರಾಯಿತು ಎಂದು ಗೆಳತಿಯರು ಹೇಳುತ್ತಿದ್ದಾರೆ. ನನ್ನ ಫೆಲೋಶಿಪ್ ಇನ್ನು 14 ತಿಂಗಳಿಗೆ ಮುಗಿಯುತ್ತದೆ. ಏನು ಮಾಡಲಿ? ಇನ್ನೊಂದು ಮಾತು: ಈ ಹೆಣ್ಣುಮಕ್ಕಳಿಗೆ ನನ್ನ ಮೊಬೈಲ್ ನಂಬರ್ ಕೊಡಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಕಾಲ ಕೈಮೀರುತ್ತಿದೆ ಎಂಬುದು ಒಂದು. ನೊಂದವರ ಮಾತು ಕೇಳಲು ಹೊರಟ ನಿಮ್ಮನ್ನೇ ಅವರಿಗೆ ಅಪಾಯ ತರುವವರಂತೆ ಸಮಿತಿ ನೋಡಿತಲ್ಲ ಎಂಬ ನೋವು ಇನ್ನೊಂದು. ಮನೋವೈದ್ಯನಾಗಿಯೂ ಇಂಥ ಸಮಿತಿಗಳಲ್ಲಿ ಹಲವು ವರ್ಷ ಸದಸ್ಯ ಕಾರ್ಯದರ್ಶಿಯಾಗಿಯೂ ಕೆಲಸ ಮಾಡಿರುವ ನನಗೆ ಈ ಎರಡನೆಯ ನೋವು ಚೆನ್ನಾಗಿ ಗೊತ್ತು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಪೂರ್ಣ ಸಮಿತಿಯ ಪರಿಶೀಲನೆ ಬೇಕೆಂದ ಸಮಿತಿಯ ತೀರ್ಮಾನ ಸರಿಯಾಗಿದೆ. ಆದರೆ ಆ ಸದಸ್ಯರು ಬರೆದ ಎರಡು ಕಾರಣಗಳಲ್ಲಿ ಮೊದಲನೆಯದು ಅರ್ಧ ತಪ್ಪು, ಎರಡನೆಯದು ಪೂರ್ತಿ ತಪ್ಪು. ಅಷ್ಟೇ ಅಲ್ಲ, ಆ ಎರಡನೆಯದನ್ನು ಪಾಲಿಸಿದರೆ ಅದೇ ಅಪಾಯ ತಂದೀತು.

ಔಷಧವಿಲ್ಲದ ಕಡೆ ಅಪಾಯವಿಲ್ಲ ಎಂಬ ನಂಬಿಕೆ ನಿಮ್ಮೊಬ್ಬರದಲ್ಲ. ಸಮಾಜವಿಜ್ಞಾನದ ವಿಭಾಗಗಳಲ್ಲಿ ಅದು ವ್ಯಾಪಕವಾಗಿದೆ. ಎಥಿಕ್ಸ್ ಕಮಿಟಿ ಎಂದರೆ ಔಷಧ ಪ್ರಯೋಗಗಳನ್ನು ಕಾಯುವ ಸಂಸ್ಥೆ ಎಂದೇ ಅನೇಕರು ತಿಳಿದಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2017ರಲ್ಲಿ ಹೊರಡಿಸಿದ ರಾಷ್ಟ್ರೀಯ ಮಾರ್ಗಸೂಚಿ ಅಪಾಯವನ್ನು ದೇಹಕ್ಕಷ್ಟೇ ಸೀಮಿತಗೊಳಿಸುವುದಿಲ್ಲ. ಮನಸ್ಸಿಗೆ, ಮಾನಕ್ಕೆ, ಜೀವನೋಪಾಯಕ್ಕೆ, ಕಾನೂನಿನ ದೃಷ್ಟಿಯಲ್ಲಿರುವ ಸ್ಥಾನಕ್ಕೆ ಬರುವ ಕುತ್ತನ್ನೂ ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಆರೋಗ್ಯವಂತ ಸಾಮಾನ್ಯ ವ್ಯಕ್ತಿ ದಿನನಿತ್ಯದ ಬದುಕಿನಲ್ಲಿ ಎದುರಿಸುವಷ್ಟೇ ತೊಂದರೆಯಿದ್ದರೆ ಅದು ಕನಿಷ್ಠ ಅಪಾಯ. ಅದಕ್ಕಿಂತ ಕೆಳಗೆ ಒಂದು ವರ್ಗ, ಸ್ವಲ್ಪ ಮೇಲೆ ಇನ್ನೊಂದು ವರ್ಗ, ಅದನ್ನೂ ಮೀರಿದ್ದು ಹೆಚ್ಚಿನ ಅಪಾಯ. ಸಾವಿನ ಅಂಚಿನಿಂದ ಮೊನ್ನೆ ಮೊನ್ನೆ ಮರಳಿದವಳಿಗೆ ‘ಅಂದು ಏನಾಯಿತು’ ಎಂದು ಕೇಳುವುದು ಯಾರ ದಿನನಿತ್ಯದ ಬದುಕಿನಲ್ಲೂ ಇರುವ ಸಂಗತಿಯಲ್ಲ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯ 99ನೇ ಕಲಮನ್ನೂ ಒಮ್ಮೆ ಓದಿ. ಮಾನಸಿಕ ಕಾಯಿಲೆಯಿರುವವರ ಮೇಲಿನ ಯಾವುದೇ ಸಂಶೋಧನೆಗೆ ಅವರ ಮುಕ್ತ, ತಿಳಿದು ಕೊಟ್ಟ ಒಪ್ಪಿಗೆ ಬೇಕು ಎನ್ನುವಾಗ ಆ ಕಲಮು ಔಷಧದ ಜೊತೆಯಲ್ಲೇ ಸಂದರ್ಶನವನ್ನೂ ಹೆಸರಿಸಿ ಹೇಳಿದೆ. ನೀವು ಮಾತನಾಡಿಸುವ ಎಲ್ಲರಿಗೂ ಮಾನಸಿಕ ಕಾಯಿಲೆ ಇರುತ್ತದೆ ಎಂದು ನಾನು ಹೇಳುತ್ತಿಲ್ಲ. ವಿಷ ಕುಡಿದ ಎಷ್ಟೋ ಮಂದಿಗೆ ಕಾಯಿಲೆಯಿರುವುದಿಲ್ಲ, ಕಷ್ಟವಿರುತ್ತದೆ. ಆದರೆ ಕೆಲವರಿಗಾದರೂ ತೀವ್ರ ಖಿನ್ನತೆ ಇದ್ದೇ ಇರುತ್ತದೆ, ಮತ್ತು ಅದು ಯಾರಿಗೆ ಎಂಬುದು ನಿಮಗೆ ಮೊದಲೇ ತಿಳಿದಿರುವುದಿಲ್ಲ.

ಈಗ ಆ ಸದಸ್ಯರ ಭಯಕ್ಕೆ ಬರೋಣ. ಆತ್ಮಹತ್ಯೆಯ ಬಗ್ಗೆ ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುತ್ತದೆ ಎಂಬ ಮಾತನ್ನು ವೈದ್ಯರ ಬಾಯಲ್ಲೂ ಕೇಳಿದ್ದೇನೆ. ಸಂಶೋಧನೆಗಳು ಇದನ್ನು ಸಮರ್ಥಿಸುವುದಿಲ್ಲ. 2001ರಿಂದ 2013ರವರೆಗೆ ಪ್ರಕಟವಾದ 13 ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದ ವಿಮರ್ಶೆಯೊಂದರಲ್ಲಿ, ಕೇಳಿದ್ದರಿಂದ ಆ ಯೋಚನೆ ಗಮನಾರ್ಹವಾಗಿ ಹೆಚ್ಚಿದ್ದು ಕಂಡುಬರಲಿಲ್ಲ. ಚಿಕಿತ್ಸಾಲಯದ ಅನುಭವವೂ ಇದನ್ನೇ ಹೇಳುತ್ತದೆ. ‘ಇಷ್ಟು ದಿನಕ್ಕೆ ನೀವೊಬ್ಬರು ಕೇಳಿದಿರಿ’ ಎನ್ನುವ ಮಾತು ನನ್ನ ಕೋಣೆಯಲ್ಲಿ ಲೆಕ್ಕವಿಲ್ಲದಷ್ಟು ಸಲ ಬಂದಿದೆ. ಈ ಸಂಗತಿಯನ್ನು ನಿಮ್ಮ ಅರ್ಜಿಯಲ್ಲಿ ಧೈರ್ಯವಾಗಿ ಬರೆಯಿರಿ. ಆದರೆ ಅದರ ಮಿತಿಯನ್ನೂ ಬರೆಯಿರಿ, ಏಕೆಂದರೆ ಸದಸ್ಯರ ಭಯ ಅರ್ಧ ಮಾತ್ರ ತಪ್ಪು ಎಂದು ನಾನು ಹೇಳಿದ್ದು ಈ ಕಾರಣಕ್ಕೆ. ಆಲೋಚನೆ ಇದೆಯೇ ಎಂದು ನಿಗದಿತ ಪ್ರಶ್ನೆಗಳಲ್ಲಿ ಕೇಳುವುದೇ ಬೇರೆ, ಒಂದೂವರೆ ಗಂಟೆ ಕೂತು ಆ ದಿನದ ಪ್ರತಿ ಗಳಿಗೆಯನ್ನೂ ಬಿಡಿಸಿ ಹೇಳಿಸುವುದೇ ಬೇರೆ. ಹಿಂದೊಮ್ಮೆ ಪ್ರಯತ್ನಿಸಿದವರಲ್ಲಿ ಮತ್ತೆ ಪ್ರಯತ್ನಿಸುವ ಸಂಭವ ಉಳಿದವರಿಗಿಂತ ಬಹಳ ಹೆಚ್ಚು, ಆಸ್ಪತ್ರೆಯಿಂದ ಮನೆಗೆ ಹೋದ ಮೊದಲ ವಾರಗಳು ಮತ್ತು ತಿಂಗಳುಗಳು ಅದರಲ್ಲೂ ಸೂಕ್ಷ್ಮ. ನಿಮ್ಮ ಪ್ರಶ್ನೆ ಆ ಯೋಚನೆಯನ್ನು ಹುಟ್ಟಿಸದಿರಬಹುದು. ಆದರೆ ಆ ಯೋಚನೆ ಇನ್ನೂ ಜೀವಂತವಾಗಿರುವ ಹೊತ್ತಿನಲ್ಲೇ ನೀವು ಅಲ್ಲಿರುತ್ತೀರಿ. ಹಾಗಿರುವಾಗ ಏನು ಮಾಡುತ್ತೀರಿ ಎಂಬುದನ್ನು ಸಮಿತಿ ಕೇಳಿಯೇ ಕೇಳುತ್ತದೆ, ಕೇಳಲೇಬೇಕು.

ಅದಕ್ಕೆ ನಿಮ್ಮ ಉತ್ತರ ‘ಅಗತ್ಯವಿದ್ದರೆ ಆಪ್ತಸಮಾಲೋಚಕರ ಬಳಿ ಕಳಿಸಲಾಗುವುದು’ ಎಂಬ ಒಂದು ಸಾಲಾಗಬಾರದು. ನಾನು ಓದಿದ ಹೆಚ್ಚಿನ ಅರ್ಜಿಗಳಲ್ಲಿ ಇದ್ದದ್ದು ಆ ಒಂದೇ ಸಾಲು. ಯಾವ ಲಕ್ಷಣ ಕಂಡರೆ ಸಂದರ್ಶನ ನಿಲ್ಲಿಸುತ್ತೀರಿ, ನಿಲ್ಲಿಸಿದ ಮೇಲೆ ಎಷ್ಟು ಹೊತ್ತು ಅವರ ಜೊತೆಯಲ್ಲಿರುತ್ತೀರಿ, ಆ ಹೊತ್ತಿಗೆ ಕರ್ತವ್ಯದಲ್ಲಿರುವ ಯಾವ ವೈದ್ಯರಿಗೆ ಹೇಳುತ್ತೀರಿ, ಮನೆಯಲ್ಲಿ ಮಾತನಾಡಿಸುವಾಗ ಆಸ್ಪತ್ರೆ 40 ಕಿಲೋಮೀಟರ್ ದೂರವಿದ್ದರೆ ಏನು ವ್ಯವಸ್ಥೆ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಲಿಖಿತವಾಗಿ ಒಪ್ಪಿದೆಯೇ, ಮರುದಿನ ವಿಚಾರಿಸುವವರು ಯಾರು ಎಂಬುದೆಲ್ಲ ಕಾಗದದ ಮೇಲಿರಬೇಕು. ಇಷ್ಟು ಬರೆದ ಅರ್ಜಿ ಬಂದಾಗ ಸಮಿತಿಯ ಚರ್ಚೆಯ ಧಾಟಿಯೇ ಬದಲಾಗುವುದನ್ನು ನಾನು ಕಂಡಿದ್ದೇನೆ.

ವಾರ್ಡಿನಲ್ಲಿ ಸಂದರ್ಶನ ಮಾಡುವ ನಿಮ್ಮ ಯೋಜನೆ ಕೈಬಿಡಿ ಎಂದೇ ನನ್ನ ಸಲಹೆ. ಅದಕ್ಕೆ ಮುಖ್ಯ ಕಾರಣ ವೈದ್ಯಕೀಯವಾದದ್ದು. ಕೀಟನಾಶಕದ ವಿಷಕ್ಕೆ ಕೊಡುವ ಅಟ್ರೋಪಿನ್ ಔಷಧದ ಪ್ರಮಾಣ ಹೆಚ್ಚಾದಾಗ ರೋಗಿಗೆ ಭ್ರಮೆ, ಗೊಂದಲ, ದಿಕ್ಕು ತಪ್ಪಿದಂಥ ಮಾತು ಬರಬಹುದು. ಬೆಳಗ್ಗೆ ಸರಿಯಾಗಿ ಉತ್ತರಿಸಿದವರು ಸಂಜೆ ಎಲ್ಲಿದ್ದೇನೆಂದು ಅರಿಯದ ಸ್ಥಿತಿಯಲ್ಲಿರಬಹುದು. ಅಂಥ ಸ್ಥಿತಿಯಲ್ಲಿ ಹಾಕಿಸಿಕೊಂಡ ಸಹಿ ಒಪ್ಪಿಗೆಯೇ ಅಲ್ಲ. ಇನ್ನೊಂದು ಕಾರಣ ವಾರ್ಡಿನ ಸ್ವರೂಪದ್ದು. ಪಕ್ಕದ ಹಾಸಿಗೆ ಮೂರಡಿ ದೂರದಲ್ಲಿದೆ, ಮಂಚದ ತುದಿಯಲ್ಲಿ ಅತ್ತೆ ಕೂತಿದ್ದಾರೆ, ಸಂದರ್ಶಕರ ಕೈಯಲ್ಲಿ ಫೈಲು ಇದೆ. ಫೈಲು ಹಿಡಿದವರೆಲ್ಲ ಆಸ್ಪತ್ರೆಯವರೇ ಎಂದು ರೋಗಿ ತಿಳಿಯುತ್ತಾಳೆ. ಬೇಡವೆಂದರೆ ಚಿಕಿತ್ಸೆಯಲ್ಲಿ ಉದಾಸೀನ ಮಾಡಿಯಾರು ಎಂಬ ಅಂಜಿಕೆ ಅವಳಿಗಿರುತ್ತದೆ. ಭಾಗವಹಿಸದಿದ್ದರೂ ಚಿಕಿತ್ಸೆಗೆ ತೊಂದರೆಯಿಲ್ಲ ಎಂಬ ವಾಕ್ಯವನ್ನು ನಮೂನೆಯಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದರೂ ಆ ಅಂಜಿಕೆ ಹೋಗುವುದಿಲ್ಲ.

ಕಾನೂನಿನ ತೊಡಕು ಇದಕ್ಕಿಂತ ಸೂಕ್ಷ್ಮವಾದದ್ದು, ಮತ್ತು ನಿಮ್ಮ ಪತ್ರದಲ್ಲಿ ಅದರ ಪ್ರಸ್ತಾಪವೇ ಇಲ್ಲ. ಆತ್ಮಹತ್ಯಾ ಯತ್ನ ಶಿಕ್ಷಾರ್ಹ ಅಪರಾಧವೆಂಬ ಭಯ ಜನರಲ್ಲಿ ಇನ್ನೂ ಇದೆ. ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯ 115ನೇ ಕಲಮಿನ ಪ್ರಕಾರ, ಬೇರೆ ರೀತಿಯಲ್ಲಿ ಸಾಬೀತಾಗುವವರೆಗೆ, ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು. ಅವರನ್ನು ವಿಚಾರಣೆಗೆ ಗುರಿಪಡಿಸಿ ಶಿಕ್ಷಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ ದಂಡಸಂಹಿತೆಯ 309ನೇ ಕಲಮು ಉಳಿದಿಲ್ಲ. ಸರ್ಕಾರಿ ನೌಕರರನ್ನು ಕರ್ತವ್ಯದಿಂದ ತಡೆಯಲು ಅಥವಾ ಒತ್ತಾಯಿಸಲು ಮಾಡುವ ಯತ್ನಕ್ಕಷ್ಟೇ 226ನೇ ಕಲಮಿದೆ. ಹೀಗಿದ್ದರೂ ವಿಷದ ಪ್ರಕರಣ ಬಂದಾಗ ಆಸ್ಪತ್ರೆ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಪ್ರಕರಣದ ದಾಖಲೆ) ಬರೆದುಕೊಳ್ಳುತ್ತದೆ, ಠಾಣೆಗೆ ತಿಳಿಸುತ್ತದೆ, ಪೊಲೀಸರು ಹೇಳಿಕೆ ಪಡೆಯಲು ಬರುತ್ತಾರೆ. ಆ ಹೇಳಿಕೆಯಲ್ಲಿ ‘ಹೊಟ್ಟೆನೋವಿನ ಔಷಧವೆಂದು ತಿಳಿದು ತಪ್ಪಿ ಕುಡಿದೆ’ ಎಂದು ಹೇಳುವ ಹೆಣ್ಣುಮಕ್ಕಳು ಅದೆಷ್ಟೋ. ಆಮೇಲೆ ನಿಮ್ಮ ಮುಂದೆ, ನಿಮ್ಮ ರೆಕಾರ್ಡರಿನ ಮುಂದೆ, ನಡೆದದ್ದನ್ನು ನಡೆದಂತೆಯೇ ಹೇಳುತ್ತಾರೆ. ಈಗ ಒಬ್ಬಳದೇ ಎರಡು ಹೇಳಿಕೆಗಳಾದವು. ನಾಳೆ ಅವಳು ಗಂಡನ ಮೇಲೆ ದೌರ್ಜನ್ಯದ ದೂರು ಕೊಟ್ಟರೆ, ಅಥವಾ ಮಗುವನ್ನು ಯಾರು ಇಟ್ಟುಕೊಳ್ಳಬೇಕೆಂಬ ವ್ಯಾಜ್ಯ ನ್ಯಾಯಾಲಯಕ್ಕೆ ಹೋದರೆ, ಆ ಧ್ವನಿಮುದ್ರಣ ಯಾರ ಕೈಯಲ್ಲಿ ಏನಾಗಬಹುದು ಎಂದು ಯೋಚಿಸಿ. ಸಂಶೋಧನೆಯ ಮಾಹಿತಿಯನ್ನು ನ್ಯಾಯಾಲಯದ ಕರೆಯಿಂದಲೂ ಕಾಪಾಡುವ ಪ್ರಮಾಣಪತ್ರದ ವ್ಯವಸ್ಥೆ ಅಮೆರಿಕದಲ್ಲಿದೆ. ನಮ್ಮಲ್ಲಿ ಅಂಥ ರಕ್ಷಣೆಯಿಲ್ಲ. ಆದ್ದರಿಂದ ‘ನೀವು ಹೇಳಿದ್ದನ್ನು ಸಂಪೂರ್ಣ ಗೋಪ್ಯವಾಗಿ ಇಡಲಾಗುವುದು’ ಎಂದು ಬರೆದರೆ ನಿಮ್ಮಿಂದ ನಡೆಸಿಕೊಡಲಾಗದ ಮಾತನ್ನು ಕೊಟ್ಟಂತಾಗುತ್ತದೆ. ಮಾತಿನ ನಡುವೆ ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯ ಹೊರಬಂದರೆ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ತಿಳಿಸಲೇಬೇಕಾದ ಹೊಣೆಯೂ ನಿಮ್ಮ ಮೇಲಿದೆ. ಯಾವುದನ್ನು ಗೋಪ್ಯವಾಗಿಡಬಲ್ಲಿರಿ, ಯಾವುದನ್ನು ಇಡಲಾರಿರಿ ಎಂದು ರೆಕಾರ್ಡರ್ ಒತ್ತುವ ಮೊದಲೇ ಹೇಳಬೇಕು. ಧ್ವನಿಯನ್ನು ಬರಹಕ್ಕಿಳಿಸಿದ ಕೂಡಲೇ ಅಳಿಸುವ ಅಥವಾ ಧ್ವನಿಮುದ್ರಣವನ್ನೇ ಮಾಡದೆ ಟಿಪ್ಪಣಿಯಲ್ಲೇ ಕೆಲಸ ನಡೆಸುವ ಸಾಧ್ಯತೆಯನ್ನೂ ಸಮಿತಿಯ ಮುಂದಿಡಿ.

ಪೂರ್ಣ ಸಮಿತಿ ಏಕೆ ಬೇಕು ಎಂಬುದಕ್ಕೆ ಉತ್ತರ ಇಲ್ಲೇ ಸಿಗುತ್ತದೆ. ತ್ವರಿತ ಪರಿಶೀಲನೆಯಲ್ಲಿ ಅರ್ಜಿಯನ್ನು ಒಬ್ಬಿಬ್ಬರು ಸದಸ್ಯರು ಓದಿ ಕಾರ್ಯದರ್ಶಿಯೊಡನೆ ತೀರ್ಮಾನಿಸುತ್ತಾರೆ. ಅವರು ಬಹುತೇಕ ವೈದ್ಯರೇ ಆಗಿರುತ್ತಾರೆ. ಪೂರ್ಣ ಸಮಿತಿಯಲ್ಲಿ 7ರಿಂದ 15 ಸದಸ್ಯರು, ಕೋರಂಗೆ, ಅಂದರೆ ಸಭೆ ನಡೆಯಲು, ಕನಿಷ್ಠ 5 ಮಂದಿ, ಅಧ್ಯಕ್ಷರು ಕಡ್ಡಾಯವಾಗಿ ಸಂಸ್ಥೆಯ ಹೊರಗಿನವರು. ಕಾನೂನು ಬಲ್ಲವರು, ಸಮಾಜವಿಜ್ಞಾನ ಅಥವಾ ನೀತಿಶಾಸ್ತ್ರದವರು, ವೈದ್ಯಕೀಯದ ಗಂಧವಿಲ್ಲದ ಸಾಮಾನ್ಯ ನಾಗರಿಕರೊಬ್ಬರು ಅಲ್ಲಿರುತ್ತಾರೆ. ಮೇಲೆ ಹೇಳಿದ ಎರಡು ಹೇಳಿಕೆಗಳ ತೊಡಕನ್ನು ನಾನು ಮೊದಲು ಕಲಿತದ್ದು ವಕೀಲ ಸದಸ್ಯರೊಬ್ಬರಿಂದ. ನಾವು ವೈದ್ಯರೆಲ್ಲ ಖಿನ್ನತೆ ಅಳೆಯುವ ಪ್ರಶ್ನಾವಳಿಯ ಬಗ್ಗೆ ಅರ್ಧ ಗಂಟೆ ಚರ್ಚಿಸಿ ಮುಗಿಸಿದ್ದ ಸಭೆಯಲ್ಲಿ, ನಿವೃತ್ತ ಶಾಲಾ ಶಿಕ್ಷಕಿಯಾಗಿದ್ದ ಸದಸ್ಯೆ, ‘ಈ ಹುಡುಗಿ ಮನೆಗೆ ಒಯ್ಯುವ ಕಾಗದವನ್ನು ಎಲ್ಲಿ ಇಟ್ಟುಕೊಳ್ಳುತ್ತಾಳೆ?’ ಎಂದು ಕೇಳಿದರು.

ಆ ಪ್ರಶ್ನೆಯ ಬೆಲೆ ನನಗೆ ಪೂರ್ತಿ ಅರ್ಥವಾದದ್ದು ಬೇರೊಂದು ಅಧ್ಯಯನದಲ್ಲಿ. ಮಾಹಿತಿ ಪತ್ರದ ಮತ್ತು ಒಪ್ಪಿಗೆ ಪತ್ರದ ಪ್ರತಿಯನ್ನು ಭಾಗವಹಿಸಿದವರಿಗೆ ಕೊಡಬೇಕೆಂಬುದು ನಿಯಮ, ಒಳ್ಳೆಯ ನಿಯಮ. ಆ ಅಧ್ಯಯನದವರೂ ಕೊಟ್ಟಿದ್ದರು. ಕಾಗದದ ತಲೆಬರಹದಲ್ಲಿ ಅಧ್ಯಯನದ ಹೆಸರು ಸ್ಪಷ್ಟವಾಗಿತ್ತು. ಟ್ರಂಕಿನಲ್ಲಿ ಸೀರೆಯ ಮಡಿಕೆಯೊಳಗಿದ್ದ ಅದು ಅತ್ತೆಯ ಕೈಗೆ ಸಿಕ್ಕಿ, ‘ಮನೆಯ ಮಾನವನ್ನು ಊರಿಗೆ ಹೇಳಿಬಂದಳು’ ಎಂಬ ಜಗಳವಾಗಿ, ಆಕೆ ತವರಿಗೆ ಹೋಗಬೇಕಾಯಿತು. ಅಂದು ಆ ಅರ್ಜಿಗೆ ಅನುಮೋದನೆ ಕೊಟ್ಟವರಲ್ಲಿ ನಾನೂ ಇದ್ದೆ. ನಿಯಮ ಪಾಲನೆಯಾಗಿದೆಯೇ ಎಂದು ನೋಡಿದ್ದೆವು, ಕಾಗದ ಮನೆಯೊಳಗೆ ಹೋದ ಮೇಲಿನ ದಾರಿಯನ್ನು ನೋಡಿರಲಿಲ್ಲ. ಆ ನೋವು ನನ್ನಲ್ಲಿ ಇನ್ನೂ ಇದೆ.

ನಿಮ್ಮ ಶೀರ್ಷಿಕೆಯ ಪ್ರಶ್ನೆಗೆ ಈ ಘಟನೆಯೇ ಉತ್ತರ. ಸಮಿತಿಯ ಕಣ್ಣಿನಿಂದ ವಿಷಯವನ್ನು ಮರೆಸಲು ಶೀರ್ಷಿಕೆ ಬದಲಿಸಬೇಡಿ. ಅದು ವಂಚನೆ, ಮತ್ತು ಒಳಗಿನ ಪ್ರಶ್ನೆಗಳನ್ನು ಓದಿದ ಯಾರಿಗಾದರೂ ಗೊತ್ತಾಗುತ್ತದೆ. ಆದರೆ ಮನೆಗೆ ಹೋಗುವ ಕಾಗದದ ಮೇಲೆ ಸೌಮ್ಯವಾದ ಶೀರ್ಷಿಕೆ ಇರಲಿ ಎಂದು ಸಮಿತಿಯನ್ನೇ ಕೇಳಿಕೊಳ್ಳಬಹುದು. ಕೌಟುಂಬಿಕ ದೌರ್ಜನ್ಯದ ಸಂಶೋಧನೆಗಾಗಿ ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಇದೇ ಉಪಾಯವಿದೆ: ಮನೆಯವರಿಗೂ ಊರವರಿಗೂ ಇದು ಮಹಿಳೆಯರ ಆರೋಗ್ಯದ ಅಧ್ಯಯನ, ಆ ಮಹಿಳೆಗೆ ಮಾತ್ರ ಏಕಾಂತದಲ್ಲಿ ಪೂರ್ತಿ ವಿಷಯ ತಿಳಿಸಬೇಕು. ನಿಮ್ಮ ಮಾರ್ಗದರ್ಶಕರು ಸೂಚಿಸಿದ ‘ಜೀವನಾನುಭವ’ ಎಂಬ ಹೆಸರನ್ನು ಇಲ್ಲಿ, ಈ ಕಾರಣಕ್ಕಾಗಿ, ಸಮಿತಿಗೆ ತಿಳಿಸಿಯೇ ಬಳಸಿಕೊಳ್ಳಿ. ಪ್ರತಿಯನ್ನು ಒಯ್ಯಲು ಆಕೆಗೆ ಇಷ್ಟವಿಲ್ಲದಿದ್ದರೆ ಅದನ್ನು ಆಸ್ಪತ್ರೆಯಲ್ಲೇ ಅವಳ ಹೆಸರಿನಲ್ಲಿ ಇಟ್ಟುಕೊಳ್ಳುವ ಏರ್ಪಾಡನ್ನೂ ಕೇಳಿ.

ಗಂಡನ ಒಪ್ಪಿಗೆ ಪತ್ರದ ವಿಷಯದಲ್ಲಿ ಮಾತ್ರ ನೀವು ಬಗ್ಗಬೇಕಾಗಿಲ್ಲ. ಹದಿನೆಂಟು ತುಂಬಿದ, ತಿಳಿವಳಿಕೆಯುಳ್ಳ ಹೆಣ್ಣುಮಗಳ ಒಪ್ಪಿಗೆಯನ್ನು ಬೇರೆ ಯಾರೂ ಕೊಡಲಾಗದು. ಹಿರಿಯರ ಅಥವಾ ಊರ ಮುಖಂಡರ ಅನುಮತಿ ಕೇಳುವ ರೂಢಿಯಿರುವ ಕಡೆ ಅದನ್ನು ಕೇಳಬಹುದು, ಆದರೆ ಅದು ವ್ಯಕ್ತಿಯ ಸ್ವಂತ ಒಪ್ಪಿಗೆಯ ಜಾಗದಲ್ಲಿ ನಿಲ್ಲುವುದಿಲ್ಲ ಎನ್ನುವುದು ಐಸಿಎಂಆರ್ ಮಾರ್ಗಸೂಚಿಯ ನಿಲುವು. ನಿಮ್ಮ ಅಧ್ಯಯನದಲ್ಲಂತೂ ಕೇಳುವುದೂ ಬೇಡ. ಅವಳ ಸಂಕಟಕ್ಕೆ ಕಾರಣನಾಗಿರಬಹುದಾದ ವ್ಯಕ್ತಿಯ ಬಳಿಗೇ ಹೋಗಿ, ‘ನಿಮ್ಮ ಹೆಂಡತಿ ಈ ವಿಷಯ ಮಾತಾಡಲಿದ್ದಾಳೆ, ಸಹಿ ಹಾಕಿ’ ಎಂದರೆ ಅವಳ ಮಾತಿನ ಬೀಗದ ಕೈಯನ್ನು ಅವನಿಗೇ ಕೊಟ್ಟಂತೆ. ಒಬ್ಬರ ಪರವಾಗಿ ಇನ್ನೊಬ್ಬರು ಸಹಿ ಹಾಕಿದಾಗ ಏನಾಗುತ್ತದೆ ಎಂಬುದನ್ನು ಈ ದೇಶ ಕಂಡಿದೆ. 2009ರಲ್ಲಿ ಅಂದಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ ಎಚ್‌ಪಿವಿ (ಗರ್ಭಕಂಠದ ಕ್ಯಾನ್ಸರ್ ತಡೆಯುವ) ಲಸಿಕೆಯ ಯೋಜನೆ ನಡೆದಾಗ ಆಶ್ರಮ ಶಾಲೆಗಳ ಹೆಣ್ಣುಮಕ್ಕಳ ಒಪ್ಪಿಗೆ ಪತ್ರಗಳಿಗೆ ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ದರು. 2010ರ ಏಪ್ರಿಲಿನಲ್ಲಿ ಆ ಯೋಜನೆ ನಿಂತಿತು, 2013ರಲ್ಲಿ ಸಂಸದೀಯ ಸ್ಥಾಯಿ ಸಮಿತಿ ಅದರ ಮೇಲೆ ಕಟುವಾದ ವರದಿ ಕೊಟ್ಟಿತು. ಅಲ್ಲಿದ್ದವರು ಅಪ್ರಾಪ್ತ ಮಕ್ಕಳು, ವಿಷಯವೂ ಬೇರೆ. ಆದರೆ ಮೇಲಿರುವವರ ಸಹಿಯೊಂದಿದ್ದರೆ ಸಾಕೆಂಬ ಮನೋಭಾವ ಅದೇ. ಸಭೆಯಲ್ಲಿ ಇದನ್ನು ವಿನಯದಿಂದ, ಬರಹದಲ್ಲಿ, ಮಾರ್ಗಸೂಚಿಯನ್ನು ಉಲ್ಲೇಖಿಸಿ ಹೇಳಿ. ಟಿಪ್ಪಣಿ ಬರೆದ ಸದಸ್ಯರೂ ಆಕೆಯ ಸುರಕ್ಷತೆಗಾಗಿಯೇ ಅದನ್ನು ಬರೆದಿರುತ್ತಾರೆ. ಹೆಚ್ಚಿನವರು ವಿವರಿಸಿದಾಗ ಒಪ್ಪುತ್ತಾರೆ.

ಒಪ್ಪಿಗೆ ಕೊಡುವ ಸಾಮರ್ಥ್ಯವೇ ಇಲ್ಲದಷ್ಟು ಕಾಯಿಲೆಯಿರುವವರನ್ನು ಸೇರಿಸಿಕೊಳ್ಳುವ ಆಸೆ ಬೇಡ. ಅದಕ್ಕೆ ಎಥಿಕ್ಸ್ ಕಮಿಟಿಯ ಅನುಮತಿಯೊಂದೇ ಸಾಲದು. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ಅನುಮತಿಯೂ ಬೇಕು, ಸಾಮರ್ಥ್ಯವಿರುವವರ ಮೇಲೆ ಆ ಸಂಶೋಧನೆ ಮಾಡಲಾಗದು ಎಂದು ತೋರಿಸಬೇಕು. ನಿಮ್ಮ ಪ್ರಶ್ನೆಗೆ ಅದರ ಅಗತ್ಯವಿಲ್ಲ.

ಇನ್ನು ನಿಮ್ಮ ಮುಂದಿರುವ ದಾರಿಗಳು. ಗೆಳತಿಯರು ಹೇಳಿದ ದಾರಿ, ಅಂದರೆ ಅನುಮತಿಗೆ ಮೊದಲೇ ಹಳ್ಳಿಯಲ್ಲಿ ಶುರುಮಾಡುವುದು, ದಾರಿಯೇ ಅಲ್ಲ. ನಡೆದುಹೋದ ಅಧ್ಯಯನಕ್ಕೆ ಹಿಂದಿನ ದಿನಾಂಕದಿಂದ ಅನುಮೋದನೆ ಕೊಡುವ ಅಧಿಕಾರ ಯಾವ ಸಮಿತಿಗೂ ಇಲ್ಲ, ಅನುಮೋದನೆಯಿಲ್ಲದ ಲೇಖನವನ್ನು ಒಳ್ಳೆಯ ನಿಯತಕಾಲಿಕೆಗಳು ತೆಗೆದುಕೊಳ್ಳುವುದಿಲ್ಲ. ಅದಕ್ಕಿಂತ ದೊಡ್ಡ ಮಾತೆಂದರೆ, ಆಶಾ ಕಾರ್ಯಕರ್ತೆ ಆ ಊರಿನವರೇ. ಅವರು ನಿಮ್ಮನ್ನು ಯಾರ ಮನೆಗೆ ಕರೆದೊಯ್ದರೋ ಆ ಮನೆಯ ಗುಟ್ಟು ಅಂದೇ ಬಯಲಾಗುತ್ತದೆ. ಜೊತೆಗೆ, ನಾಳೆ ಮಗುವಿನ ಲಸಿಕೆಗೂ ಬಾಣಂತನಕ್ಕೂ ಬೇಕಾಗುವ ಆಕೆಗೆ ಬೇಡವೆನ್ನುವುದು ಕಷ್ಟ. ಒಂದು ಸಮಿತಿ ತಡಮಾಡಿತೆಂದು ಇನ್ನೊಂದು ಸಂಸ್ಥೆಯ ಸಮಿತಿಗೆ ಹೋಗುವುದು ನಿಷಿದ್ಧವೇನಲ್ಲ, ಆದರೆ ಮೊದಲಿನ ಅರ್ಜಿಯ ಸಂಗತಿಯನ್ನು ಮುಚ್ಚಿಡುವಂತಿಲ್ಲ. ರೋಗಿಗಳು ಈ ಆಸ್ಪತ್ರೆಯವರೇ ಆದ್ದರಿಂದ ಸುತ್ತಿಕೊಂಡು ಇಲ್ಲಿಗೇ ಬರುತ್ತೀರಿ. ಆಸ್ಪತ್ರೆಯ ದಾಖಲೆಗಳನ್ನಷ್ಟೇ ಓದಿ ಪ್ರಬಂಧ ಬರೆಯುವ ದಾರಿಯಲ್ಲಿ ಅಪಾಯ ಕಡಿಮೆ, ಹೆಸರು ಅಳಿಸಿದ ದಾಖಲೆಗಳಾದರೆ ಪರಿಶೀಲನೆಯೂ ಹಗುರ. ಆದರೆ ‘ಕೌಟುಂಬಿಕ ಕಲಹ’ ಎಂಬ ಎರಡು ಪದಗಳಿಗಿಂತ ಹೆಚ್ಚು ಆ ದಾಖಲೆಗಳಲ್ಲಿ ಸಿಗುವುದು ಅಪರೂಪ, ಮತ್ತು ಆ ಎರಡು ಪದಗಳ ಹಿಂದೆ ಏನಿದೆ ಎಂದು ಕೇಳಲೆಂದೇ ನೀವು ಹೊರಟಿದ್ದೀರಿ. ಆ ಮಾತು ಕೇಳಿಸದೆ ಹೋಗುವುದೂ ಒಂದು ನಷ್ಟವೇ ಎಂದು ನಾನು ಸಮಿತಿಗಳಲ್ಲಿ ಪದೇ ಪದೇ ವಾದಿಸಿದ್ದೇನೆ. ಅಪಾಯವಿದೆಯೆಂದು ಇಂಥ ಅಧ್ಯಯನಗಳನ್ನೆಲ್ಲ ತಿರಸ್ಕರಿಸಿದರೆ ಈ ಹೆಣ್ಣುಮಕ್ಕಳ ಬಗ್ಗೆ ನಮಗೆ ಏನೂ ಗೊತ್ತಾಗುವುದೇ ಇಲ್ಲ.

ನನ್ನ ಸಲಹೆ, ಕೆಲಸವನ್ನು ಎರಡು ಹಂತ ಮಾಡಿ. ತುರ್ತು ಚಿಕಿತ್ಸಾ ವಿಭಾಗದ ವೈದ್ಯರು, ದಾದಿಯರು, ಆಪ್ತಸಮಾಲೋಚಕರು ಇವರ ಸಂದರ್ಶನ ಮೊದಲ ಹಂತ. ರೋಗಿಗಳ ಗುರುತು ಬರದಂತೆ ಕೇಳಿದರೆ ಇದನ್ನು ಕನಿಷ್ಠ ಅಪಾಯದ್ದೆಂದು ತ್ವರಿತ ಪರಿಶೀಲನೆಗೆ ಕೊಡಬಹುದು, ಎರಡು ತಿಂಗಳು ವ್ಯರ್ಥವಾಗುವುದಿಲ್ಲ. ಎರಡನೆಯ ಹಂತದಲ್ಲಿ, ಬಿಡುಗಡೆಯಾಗಿ ಮೂರು ತಿಂಗಳಾದರೂ ಕಳೆದ, ಹೊರರೋಗಿ ವಿಭಾಗಕ್ಕೆ ಮರುತಪಾಸಣೆಗೆ ಬರುತ್ತಿರುವ ಮಹಿಳೆಯರನ್ನು, ಆಸ್ಪತ್ರೆಯ ಒಂದು ಪ್ರತ್ಯೇಕ ಕೋಣೆಯಲ್ಲಿ ಮಾತನಾಡಿಸಿ. ವಿಷಯವನ್ನು ಮೊದಲು ಪ್ರಸ್ತಾಪಿಸುವವರು ಅವರಿಗೆ ಚಿಕಿತ್ಸೆ ಕೊಡುವ ವೈದ್ಯರಾಗಿರಬಾರದು. ಮನೆಯ ಸಂದರ್ಶನ ಬಿಡಿ. ಬಸ್ ಖರ್ಚು, ಆ ದಿನದ ಕೂಲಿ ಕೊಡಿ, ಅದು ಆಮಿಷವಲ್ಲ. ಇದರಲ್ಲೂ ಒಂದು ಕೊರತೆಯಿದೆ: ಮರುತಪಾಸಣೆಗೆ ಬರಲಾಗದವರು, ಅಂದರೆ ಬಹುಶಃ ಹೆಚ್ಚು ಕಷ್ಟದಲ್ಲಿರುವವರು, ನಿಮ್ಮ ಅಧ್ಯಯನದಿಂದ ಹೊರಗೇ ಉಳಿಯುತ್ತಾರೆ. ಅದನ್ನು ಪ್ರಬಂಧದಲ್ಲಿ ಮುಚ್ಚುಮರೆಯಿಲ್ಲದೆ ಬರೆಯಿರಿ.

ಪ್ರಬಂಧದ ಮಾತು ಬಂದಿತಾದ್ದರಿಂದ ಇದನ್ನೂ ಹೇಳಬೇಕು. ನಿಮ್ಮ ಪ್ರಬಂಧ ಪಿಎಚ್.ಡಿ. ಪ್ರಬಂಧಗಳ ಅಂತರ್ಜಾಲ ಭಂಡಾರವಾದ ಶೋಧಗಂಗಾದಲ್ಲಿ ಎಲ್ಲರಿಗೂ ತೆರೆದಿರುತ್ತದೆ. ಹೆಸರು ಬದಲಿಸಿದರೆ ಗುರುತು ಅಳಿಸಿತು ಎಂದುಕೊಳ್ಳಬೇಡಿ. ತಾಲ್ಲೂಕು, ವಯಸ್ಸು, ಮೂವರು ಹೆಣ್ಣುಮಕ್ಕಳು, ಗಂಡ ಟ್ರ್ಯಾಕ್ಟರ್ ಚಾಲಕ, ನಡೆದದ್ದು ಜಾತ್ರೆಯ ಮರುದಿನ ಎಂದು ಬರೆದರೆ ಆ ಊರಿನವರಿಗೆ ಹೆಸರೇ ಬೇಕಿಲ್ಲ. ಅಡಿಟಿಪ್ಪಣಿಯಲ್ಲಿ ಅವಳದೇ ನುಡಿಗಟ್ಟನ್ನು ಹಾಗೆಯೇ ಉದ್ಧರಿಸುವಾಗಲೂ ಎಚ್ಚರವಿರಲಿ. ಯಾವ ಸೀಮೆಯ ಮಾತು ಎಂಬುದು ಒಂದು ಸಾಲಿನಲ್ಲೇ ಗೊತ್ತಾಗುತ್ತದೆ. ಯಾವ ವಿವರ ಬಿಡುತ್ತೀರಿ, ಯಾವುದನ್ನು ಬೆರೆಸುತ್ತೀರಿ ಎಂಬ ಕ್ರಮವನ್ನು ಅರ್ಜಿಯಲ್ಲೇ ತೋರಿಸಿ.

ಸಭೆಗೆ ನಿಮ್ಮನ್ನು ಕರೆದರೆ ಮಾರ್ಗದರ್ಶಕರನ್ನಷ್ಟೇ ಕಳಿಸದೆ ನೀವೇ ಹೋಗಿ. ಮಾರ್ಗದರ್ಶಕರು ಆ ಸಮಿತಿಯ ಸದಸ್ಯರೂ ಆಗಿದ್ದರೆ ನಿಮ್ಮ ಅರ್ಜಿಯ ಚರ್ಚೆ ನಡೆಯುವಾಗ ಅವರು ಹೊರಗಿರಬೇಕಾಗುತ್ತದೆ. ತಿದ್ದುಪಡಿ ಕೇಳಿದರೆ ಅದು ತಿರಸ್ಕಾರವಲ್ಲ. ಹೆಚ್ಚಿನ ಅಪಾಯದ ಅರ್ಜಿಗಳು ಮೊದಲ ಸಭೆಯಲ್ಲೇ ಹಾಗೆಯೇ ಅನುಮೋದನೆಯಾದದ್ದನ್ನು ನಾನು ಕಂಡದ್ದು ಕಡಿಮೆ. ಅನುಮೋದನೆ ಸಿಕ್ಕ ಮೇಲೂ ವರ್ಷಕ್ಕೊಮ್ಮೆಯಾದರೂ ವರದಿ ಕೊಡಬೇಕು, ಅನಾಹುತವೇನಾದರೂ ಆದರೆ ಕೂಡಲೇ ತಿಳಿಸಬೇಕು.

ಕೊನೆಯದಾಗಿ ನಿಮ್ಮ ಮೊಬೈಲ್ ನಂಬರ್. ಸ್ವಂತ ನಂಬರ್ ಕೊಡಬೇಡಿ. ಅಧ್ಯಯನಕ್ಕೆಂದೇ ಒಂದು ಸಿಮ್ ತೆಗೆದುಕೊಳ್ಳಿ, ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ನೀವು ಎತ್ತುತ್ತೀರಿ ಎಂದು ಮೊದಲೇ ಹೇಳಿ. ಅದರ ಜೊತೆಗೆ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಕೊಡಿ. ದಿನದ 24 ಗಂಟೆಯೂ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲಿ ಮಾತನಾಡಬಹುದು. ನಿಮ್ಮ ಅಧ್ಯಯನ ಮುಗಿದ ಮೇಲೂ ಆ ಸಿಮ್ಮಿಗೆ ಕರೆಗಳು ಬರುತ್ತವೆ. ಒಂದು ವರ್ಷವಾದ ಮೇಲೆ, ರಾತ್ರಿ ಹತ್ತಕ್ಕೆ, ‘ಅಕ್ಕಾ, ನೀವು ಅವತ್ತು ಮಾತಾಡಿಸಿದ್ರಲ್ಲಾ’ ಎಂದು ಒಬ್ಬಳು ಕರೆ ಮಾಡಬಹುದು. ಆ ಕರೆಯನ್ನು ಯಾರು ಎತ್ತುತ್ತಾರೆ, ಆಸ್ಪತ್ರೆಯ ಯಾವ ಆಪ್ತಸಮಾಲೋಚಕರಿಗೆ ಆ ಸಿಮ್ಮನ್ನು ವಹಿಸಿ ಹೋಗುತ್ತೀರಿ ಎಂದು ಅವರ ಲಿಖಿತ ಒಪ್ಪಿಗೆಯೊಂದಿಗೆ ಅರ್ಜಿಯ ಕೊನೆಯ ಪುಟದಲ್ಲಿ ಬರೆದು ಸಭೆಗೆ ಹೋಗಿ.